ಶುಗರ್ ಇದ್ದೋರಿಗಿ ಯಾವ ಬ್ರೆಡ್ ನಡೀತದ? ಅಪ್ಪಗ ರೊಟ್ಟಿ ಅಗಿಲಕ್ಕ ಆಗ್ಲತ್ತಿಲ್ಲ

ಶಹಾಬಾದ್ ರೋಡ್:
ನಮಸ್ಕಾರ ಎಲ್ಲರಿಗೂ. ನಾವು ಕಲಬುರಗಿದಾಗೇ ಇರ್ತೀವಿ. ನಮ್ಮಪ್ಪಗ 67 ವಯಸ್ಸು, ಶುಗರ್ ಬಂದು ಭಾಳ ವರ್ಷ ಆಯ್ತು. ಮೆಟ್‌ಫಾರ್ಮಿನ್ ಮತ್ತ ಗ್ಲಿಮೆಪಿರೈಡ್ ಗುಳಿಗಿ ಅದಾವ, ಇನ್ಸುಲಿನ್ ಇಲ್ಲ. ಇಷ್ಟು ದಿನ ಮುಂಜಾನಿ ಜೋಳದ ರೊಟ್ಟಿ, ಕಾಳಿನ ಪಲ್ಯ, ಮೊಸರು, ಹಿಂಗೇ ನಡದಿತ್ತು. ಈಗ ವಸಡಿನ ತ್ರಾಸ ಆಗಿ ದವಡಿ ಹಲ್ಲು ತೆಗಿಸ್ಯಾರ. ಸೆಟ್ ಕೂಡಿಸಬೇಕಂದ್ರ ಗಾಯ ಪೂರಾ ಮಾಯಬೇಕು ಅಂತ ಹಲ್ಲಿನ ಡಾಕ್ಟರ್ ಹೇಳ್ಯಾರ. ಖಡಕ್ ರೊಟ್ಟಿ ಅಂತೂ ಆಗದ ಮಾತು, ಮೆತ್ತಂದೂ ಅಗಿಲಕ್ಕ ಆಗ್ಲತ್ತಿಲ್ಲ ಅಂತಾರ. ಚಾದಾಗ ಬ್ರೆಡ್ ಅದ್ದಿಕೊಂಡು ತಿನ್ನೋದು ಶುರು ಮಾಡ್ಯಾರ.

ಅಂಗಡಿಗಿ ಹೋದ್ರ ಬಿಳಿ ಬ್ರೆಡ್, ಬ್ರೌನ್ ಬ್ರೆಡ್, ಆಟಾ ಬ್ರೆಡ್, ಮಲ್ಟಿಗ್ರೇನ್, ಈಗ ಮಿಲೆಟ್ ಬ್ರೆಡ್ ಅಂತ ಬ್ಯಾರೆ ಬಂದದ. ಮನ್ಯಾಗ ಅವ್ವ ಬ್ರೆಡ್ಡೇ ಬ್ಯಾಡ ಅಂತಾಳ, ಅಪ್ಪ ಕೇಳಂಗಿಲ್ಲ. ನಿಮ್ಮ ಮನ್ಯಾಗ ಶುಗರ್ ಇದ್ದೋರಿದ್ರ ಯಾವ್ದು ಕೊಡ್ತೀರಿ, ಎಷ್ಟು ಕೊಡ್ತೀರಿ, ಹೇಳ್ರಿ.

ಗಂಜ್ ಏರಿಯಾ:
ಬ್ರೌನ್ ಬ್ರೆಡ್ ತಗೋರಿ ಅಣ್ಣ. ಶುಗರ್‌ನವರಿಗಿ ಅದೇ ಛಲೋ. ನಮ್ಮ ಮನ್ಯಾಗ ಅದೇ ತರ್ತೀವಿ.

ಬೀದರ್ ಕೋಟಿ ಹತ್ರ:
ಬಣ್ಣ ನೋಡಿ ತಗೋಬ್ಯಾಡ್ರಿ. ಪುಡಿಕಿ ಹೊಳ್ಳಿಸಿ ಹಿಂದಿನ ಸಣ್ಣ ಅಕ್ಷರ ಓದ್ರಿ. ಯಾವ ಸಾಮಾನು ಹೆಚ್ಚು ಹಾಕ್ಯಾರೋ ಅದನ್ನ ಮೊದಲು ಬರೀಬೇಕು, ಕಡಿಮಿ ಹಾಕಿದ್ದು ಆಮ್ಯಾಲ, ಅದು ಕಾಯ್ದೆ. ಮೊದಲ ಹೆಸರು "ರಿಫೈನ್ಡ್ ವೀಟ್ ಫ್ಲೋರ್" ಅಂತಿದ್ರ ಅದು ಮೈದಾ, ಮುಂದ ದೊಡ್ಡ ಅಕ್ಷರದಾಗ ಏನರ ಬರೀಲಿ. ಕೆಳಗ ಐಎನ್‌ಎಸ್ 150 ಅಂತ ನಂಬರ್ ಇದ್ರ ಅದು ಕ್ಯಾರಮೆಲ್ ಬಣ್ಣ. ಮೈದಾ ಬ್ರೆಡ್ಡಿಗಿ ಕಂದು ಬಣ್ಣ ಬಂದ ಮಾತ್ರಕ್ಕ ಗೋಧಿ ಆಗಂಗಿಲ್ಲ. ಹೋಲ್ ವೀಟ್ ಅಂದ್ರ ಇಡೀ ಗೋಧಿ ಹಿಟ್ಟು ಮೊದಲ ಜಾಗದಾಗ ಇರ್ಬೇಕು, ಸಕ್ಕರಿ ಭಾಳ ಕೆಳಗ ಇರ್ಬೇಕು.

ಭೀಮಾ ದಂಡಿ:
ಬ್ರೆಡ್ ಯಾಕ ಬೇಕ್ರಿ? ನಾವು ಜೋಳದ ಸೀಮಿಯವರು. ಮಾಲ್ದಂಡಿ ಬಿಳಿಜೋಳ ಬೆಳಿಯೋ ನೆಲದಾಗ ಕುಂತು ಮೈದಾ ತಿನ್ನೋದು ಯಾವ ನ್ಯಾಯ? ನಮ್ಮ ಮುತ್ಯಾ ದಿನಕ್ಕ ನಾಕ್ನಾಕು ರೊಟ್ಟಿ ತಿಂತಿದ್ದ, 80 ದಾಟಿದ ಮ್ಯಾಲೂ ಹೊಲಕ್ಕ ಹೋಗ್ತಿದ್ದ, ಶುಗರ್ ಅಂದ್ರೇನು ಗೊತ್ತಿರಲಿಲ್ಲ. ಜೋಳ ತಿಂದ್ರ ಶುಗರ್ ಏರಂಗೇ ಇಲ್ಲ. ಅಪ್ಪಾಜಿಗಿ ರೊಟ್ಟಿನೇ ಮುರ್ದು ಬ್ಯಾಳ್ಯಾಗ ನೆನಿಸಿ ಕೊಡ್ರಿ.

ಪಥ್ಯದ ಅಡಗಿ:
ನಾನು ಸೇಡಂ ಕಡೆಯವಳು, ಆಹಾರ ಸಲಹೆ ಕೊಡುವುದು ನನ್ನ ಕೆಲಸ. ಭೀಮಾ ದಂಡಿಯವರೇ, ರೊಟ್ಟಿ ನೆನೆಸಿ ಕೊಡುವ ಮಾತು ಚೆನ್ನಾಗಿದೆ. ಆದರೆ "ಜೋಳ ತಿಂದರೆ ಏರುವುದೇ ಇಲ್ಲ" ಅನ್ನುವುದನ್ನು ದಯವಿಟ್ಟು ಹರಡಬೇಡಿ. ಈ ಮಾತನ್ನು ನಂಬಿ ಎರಡು ರೊಟ್ಟಿ ತಿನ್ನುವವರು ನಾಲ್ಕು ತಿನ್ನುತ್ತಾರೆ, ಆಮೇಲೆ ಮಾತ್ರೆ ಸರಿ ಇಲ್ಲ ಅನ್ನುತ್ತಾರೆ.

ಲೆಕ್ಕ ನೋಡಿ. 100 ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಕಾರ್ಬೋಹೈಡ್ರೇಟ್ ಇದೆ, 10 ಗ್ರಾಂ ನಾರು ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿಯಲ್ಲಿ ಇದು ಸಿಗುತ್ತದೆ. 50 ಗ್ರಾಂ ಹಿಟ್ಟಿನಲ್ಲಿ ಬಡಿದ ಒಂದು ರೊಟ್ಟಿ ಅಂದರೆ 34 ಗ್ರಾಂ ಕಾರ್ಬೋಹೈಡ್ರೇಟ್. ಬ್ರೆಡ್ಡಿನ ಒಂದು ಪೀಸು 25ರಿಂದ 30 ಗ್ರಾಂ ತೂಗುತ್ತದೆ, ಅದರಲ್ಲಿ 12ರಿಂದ 15 ಗ್ರಾಂ. ಅಂದರೆ ಒಂದು ರೊಟ್ಟಿ ಎರಡು ಪೀಸಿಗಿಂತ ಹೆಚ್ಚೇ ಆಯಿತು. ಜೋಳದ ಲಾಭ ಬೇರೆ ಕಡೆ ಇದೆ: ನಾರು ಹೆಚ್ಚು, ಹೊಟ್ಟೆ ತುಂಬಿದ ಹಾಗೆ ಇರುತ್ತದೆ, ಜೊತೆಗೆ ಪಲ್ಯ, ಬೇಳೆ, ಹಿಂಡಿ, ಮೊಸರು ಇರುತ್ತದೆ. ಬ್ರೆಡ್ಡಿನ ಜೊತೆ ಇರುವುದು ಸಕ್ಕರೆ ಹಾಕಿದ ಚಹಾ. ನಮ್ಮ ಊಟದಲ್ಲಿ ಏರುವ ವೇಗ ತಗ್ಗಿಸುವುದು ಆ ಪಲ್ಯ, ಬೇಳೆ, ಮೊಸರು.

ಭೀಮಾ ದಂಡಿ:
ಮೇಡಂ, ಲೆಕ್ಕ ಒಪ್ಪಿದೆ. ಆದ್ರ ಮುತ್ಯಾನ ಮಾತು ಸುಳ್ಳಲ್ಲ.

ನೈಟ್ ಡ್ಯೂಟಿ ಅಕ್ಕ:
ಮುತ್ಯಾನ ಮಾತು ಖರೆನೇ ಅಣ್ಣ. ಅವರು ಮುಂಜಾನಿಂದ ಸಂಜಿತನಕ ಗಳ್ಯಾ ಹೊಡದು ತಿಂತಿದ್ರು. ಈಗಿನವರು ಅಷ್ಟೇ ತಿಂದು ಕುರ್ಚಿ ಮ್ಯಾಲ ಕೂಡ್ತಾರ. ಆಗ ರಕ್ತ ತಪಾಸಣಿ ಮಾಡೋರು ಯಾರಿದ್ರು? ಬರೀ ತೂಕ ಇಳೀತು, ಕಾಲಿನ ಗಾಯ ಮಾಯಲಿಲ್ಲ ಅಂತಿದ್ರು, ಅಷ್ಟೇ.

ಶಹಾಬಾದ್ ರೋಡ್ ಅವರಿಗಿ ಒಂದು ಮುಖ್ಯ ಮಾತು. ಯಾವ ಬ್ರೆಡ್ ಅನ್ನೋದು ಆಮ್ಯಾಲ ನೋಡಮ್. ನಿಮ್ಮಪ್ಪ ಗ್ಲಿಮೆಪಿರೈಡ್ ತಗೋತಾರ ಅಂದ್ರಿ. ಹಲ್ಲು ನೋವಿನ ಸಲುವಾಗಿ ಊಟ ಅರ್ಧಾ ಆಗಿ, ಗುಳಿಗಿ ಅಷ್ಟೇ ನಡದ್ರ ಶುಗರ್ ಧಡಕ್ಕನೆ ಇಳೀತದ. ಬೆವರು, ಕೈ ನಡುಕ, ಎದಿ ಬಡಿತ, ಸುಮ್ಮಸುಮ್ಮನೆ ಸಿಟ್ಟು, ತಲಿ ಗರಗರ, ಹಿಂಗಾದ್ರ ಕೂಡ್ಲೇ ಮೀಟರ್ ಹಚ್ರಿ. 70ರ ಕೆಳಗಿದ್ರ ಮೂರು ಚಮಚ ಸಕ್ಕರಿ ಇಲ್ಲಾ ಗ್ಲುಕೋಸ್ ಪುಡಿ ನೀರಾಗ ಕಲಸಿ ಕುಡಿಸ್ರಿ, 15 ನಿಮಿಷ ಬಿಟ್ಟು ಮತ್ತ ನೋಡ್ರಿ. ಅವಾಗ ಬ್ರೆಡ್ ತಿನ್ನಿಸ್ತಾ ಕೂಡಬ್ಯಾಡ್ರಿ, ಅದು ರಕ್ತಕ್ಕ ಸೇರ್ಲಕ್ಕ ವೇಳ್ಯಾ ಹಿಡೀತದ. ಶುಗರ್ ಮ್ಯಾಲ ಬಂದ ಮ್ಯಾಲ ಬ್ರೆಡ್ಡೋ ಊಟನೋ ಕೊಡ್ರಿ, ಯಾಕಂದ್ರ ಈ ಗುಳಿಗಿದು ಹೊಳ್ಳಿ ಇಳಿಸೋ ಗುಣ. ಎಚ್ಚರ ತಪ್ಪಿದ್ರ ಬಾಯಾಗ ಏನೂ ಹಾಕ್ದೆ ಸೀದಾ ದವಾಖಾನಿಗಿ. ನಾಳೆನೇ ಶುಗರ್ ಡಾಕ್ಟರಿಗಿ ಫೋನ್ ಮಾಡಿ "ಊಟ ಕಡಿಮಿ ಆಗ್ಯಾದ, ಗುಳಿಗಿ ಹ್ಯಾಂಗ ಮಾಡ್ಲಿ" ಅಂತ ಕೇಳ್ರಿ. ನೀವೇ ಗುಳಿಗಿ ಬಿಡಿಸಬ್ಯಾಡ್ರಿ.

ಶಹಾಬಾದ್ ರೋಡ್:
ಅಕ್ಕಾ, ಇದು ನಮಗ ಯಾರೂ ಹೇಳಿರಲಿಲ್ಲ. ಮೊನ್ನೆ ಮಧ್ಯಾಹ್ನ ಊಟ ಬಿಟ್ಟು ಮಲಕೊಂಡಾಗ ಭಾಳ ಬೆವರ್ತಿದ್ರು, ಬ್ಯಾಸಿಗಿ ಅಂತ ಫ್ಯಾನ್ ಜೋರ್ ಮಾಡಿ ಬಿಟ್ವಿ. ನಾಳಿಗಿ ಫೋನ್ ಮಾಡ್ತೀನಿ.

ನೈಟ್ ಡ್ಯೂಟಿ ಅಕ್ಕ:
ಕಲಬುರಗಿ ಬಿಸಲಾಗ ಬೆವರು ಯಾವ್ದಕ್ಕ ಅಂತ ಹೇಳ್ಲಕ್ಕ ಬರಂಗಿಲ್ಲ ತಮ್ಮ, ಅದಕ್ಕೇ ಮೀಟರ್ ಮಾತು ಹೇಳ್ಲತ್ತೀನಿ. ದಿಂಬಿನ ಹತ್ರ ಗ್ಲುಕೋಸ್ ಪುಡಿ ಇಡ್ರಿ.

ಭಟ್ಟಿ ಮುಂದ:
ನಾನು ಬೇಕರಿಯವ. ಬೀದರ್ ಕೋಟಿ ಹತ್ರ ಅವರು ಹೇಳಿದ್ದು ಬರೋಬ್ಬರಿ ಅದ, ನಮ್ಮ ಧಂಧಾದಾಗ ಹ್ಯಾಂಗ ನಡೀತದ ಅಂತ ನಾ ಒಂದೀಟು ಹೇಳ್ತೀನಿ.

ಬ್ರೆಡ್ ಉಬ್ಬಬೇಕಂದ್ರ ಹಿಟ್ಟಿಗಿ ಜಿಗಿ ಬೇಕು. ಆ ಜಿಗಿ ಗೋಧಿದಾಗಿನ ಗ್ಲುಟೆನ್. ಈಸ್ಟ್ ಬಿಡೋ ಗಾಳಿನ ಅದು ಹಿಡಕೊಂಡು ಉಬ್ಬುತದ. ಜೋಳದಾಗ, ಸಜ್ಜಿದಾಗ, ರಾಗಿದಾಗ ಅದು ಇಲ್ಲ. ಅದಕ್ಕ ಬರೀ ಜೋಳದ ಬ್ರೆಡ್ ಸಾದಾ ಬ್ರೆಡ್ ಹಂಗ ಮೆತ್ತಗ ಉಬ್ಬಿ ಬರಂಗಿಲ್ಲ. ಮಿಲೆಟ್ ಬ್ರೆಡ್ ಅಂತ ಮಾರೋದ್ರಾಗ ಭಾಳಷ್ಟು ಮೈದಾ ಇಲ್ಲಾ ಗೋಧಿ ಹಿಟ್ಟಿಗಿ ಸ್ವಲ್ಪ ಜೋಳನೋ ರಾಗಿನೋ ಕೂಡಿಸಿದ್ದೇ ಇರ್ತದ. ಮಲ್ಟಿಗ್ರೇನ್ ಅಂದ್ರೂ ಹಂಗೇ: ಮ್ಯಾಲ ಎಳ್ಳು, ಅಗಸಿ, ಓಟ್ಸ್ ಉದುರಿಸಿ ಒಳಗ ಮೈದಾ ಇರಬಹುದು. ಎಷ್ಟು ಪರ್ಸೆಂಟ್ ಅಂತ ಕೇಳ್ರಿ. ಪ್ಯಾಕಿನ ಮ್ಯಾಲ ಪರ್ಸೆಂಟ್ ಬರೆದಿದ್ರ ಓದ್ರಿ, ಲೋಕಲ್ ಬೇಕರಿ ಆದ್ರ ಮಾಲಕರನ್ನೇ ಕೇಳ್ರಿ. ಖರೆ ಹೇಳೋರು ಹೇಳ್ತಾರ.

ಮಿಲ್ಕ್ ಬ್ರೆಡ್, ಫ್ರೂಟ್ ಬ್ರೆಡ್, ಬನ್, ದಿಲ್‌ಪಸಂದ್, ಇವುಗಳಾಗ ಸಕ್ಕರಿ ಮತ್ತ ಡಾಲ್ಡಾ ಸಾದಾ ಬ್ರೆಡ್ಡಿಗಿಂತ ಭಾಳ. ಶುಗರ್ ಇದ್ದೋರು ಆ ಕಪಾಟಿನ ಕಡಿ ನೋಡಲೇಬಾರ್ದು. ಇಡೀ ಗೋಧಿ ಬ್ರೆಡ್ ಕೈಯಾಗ ಹಿಡದ್ರ ಭಾರ ಹತ್ತತದ, ಒತ್ತಿದ್ರ ಸ್ಪಂಜಿನಂಗ ಪೂರಾ ಅಮುಕಂಗಿಲ್ಲ, ಮುರ್ದ್ರ ಪುಡಿ ಉದುರ್ತದ, ಒಳಗ ತೌಡಿನ ಚುಕ್ಕಿ ಕಾಣ್ತಾವ. ಭಾಳ ಹಗುರ, ಭಾಳ ಮೆತ್ತಗ, ಒಂದೇ ಸಮ ಕಂದು ಅಂದ್ರ ಸಂಶಯ ಪಡ್ರಿ.

ವಿಟಿಯು ಬ್ಯಾಕ್‌ಲಾಗ್:
ಇಲ್ಲಿ ಯಾರೂ ಜಿಐ, ಅಂದ್ರ ತಿಂದದ್ದು ಶುಗರ್ ಎಷ್ಟು ಲಗು ಏರಿಸ್ತದ ಅನ್ನೋ ಅಂಕಿ, ಅದರ ಮಾತೇ ಎತ್ತಿಲ್ಲ. 2008ರ ಅಂತರರಾಷ್ಟ್ರೀಯ ಪಟ್ಟಿದಾಗ ಗ್ಲುಕೋಸಿಗಿ 100 ಅಂತ ಹಿಡದ್ರ ಬಿಳಿ ಬ್ರೆಡ್ 75, ಇಡೀ ಗೋಧಿ ಬ್ರೆಡ್ 74. ಒಂದೇ ಒಂದು ಅಂಕಿ ಫರಕು. ಅಂದ್ಮ್ಯಾಲ ಬ್ರೌನ್ ಬ್ರೆಡ್ಡಿಗಿ ಹೆಚ್ಚು ರೊಕ್ಕ ಕೊಟ್ಟು ಏನು ಫಾಯ್ದಾ?

ಗಂಜ್ ಏರಿಯಾ:
ಏನಂತೀರಿ? ಹಂಗಿದ್ರ ಡಾಕ್ಟರ್ ಎಲ್ಲಾ ಗೋಧಿ ಬ್ರೆಡ್ ತಿನ್ರಿ ಅಂತ ಯಾಕ ಹೇಳ್ತಾರ?

ಪಥ್ಯದ ಅಡಗಿ:
ಅಂಕಿ ಸರಿಯಾಗಿದೆ, ತೀರ್ಮಾನ ಅವಸರದ್ದು. ಗೋಧಿಯನ್ನು ತೌಡು ಸಮೇತ ಬೀಸಿದರೂ ಮೆಷಿನ್ನಿನಲ್ಲಿ ಅಷ್ಟು ನುಣ್ಣಗೆ ಆಗುತ್ತದೆ, ಬ್ರೆಡ್ ಅಷ್ಟು ಉಬ್ಬಿರುತ್ತದೆ, ಹಾಗಾಗಿ ಹೊಟ್ಟೆಯಲ್ಲಿ ಬೇಗ ಕರಗಿ ಸಕ್ಕರೆ ಬೇಗ ಏರುತ್ತದೆ. ಕಾಳು ಇಡಿಯಾಗಿ ಅಥವಾ ನುಚ್ಚಾಗಿ ಉಳಿದಿರುವ ಒತ್ತಾದ ಬ್ರೆಡ್ಡಿನ ಜಿಐ ಕೆಳಗೆ ಬರುತ್ತದೆ. ಅದೇ ಪಟ್ಟಿಯಲ್ಲಿ ಚಪಾತಿ 52 ಇದೆ.

ಆದರೆ ಇಡೀ ಗೋಧಿಯಲ್ಲಿ ನಾರು, ಬಿ ಜೀವಸತ್ವಗಳು, ಮೆಗ್ನೀಸಿಯಂ ಉಳಿದಿರುತ್ತವೆ. ವಯಸ್ಸಾದವರಿಗೆ ಮಲಬದ್ಧತೆ ದೊಡ್ಡ ಕಾಟ, ಮೈದಾ ಅದಕ್ಕೆ ಸಹಾಯ ಮಾಡುವುದಿಲ್ಲ. ಪ್ಯಾಕಿನ ಹಿಂದೆ 100 ಗ್ರಾಂಗೆ ನಾರು 6 ಗ್ರಾಂ ಅಥವಾ ಹೆಚ್ಚು ಇದ್ದರೆ ಮಾತ್ರ ಹೆಚ್ಚು ನಾರಿನ ಆಹಾರ ಅಂತ ಬರೆಯಲು ನಮ್ಮ ನಿಯಮ ಬಿಡುತ್ತದೆ. ಆ ಅಂಕಿ ಹುಡುಕಿ. ಅದು ಸಿಕ್ಕರೂ ಒಂದು ಹೊತ್ತಿಗೆ ಎರಡು ಪೀಸು ಅನ್ನುವ ಮಿತಿ ಬದಲಾಗುವುದಿಲ್ಲ. ಗೋಧಿ ಬ್ರೆಡ್ ಅಂತ ನಾಲ್ಕು ತಿಂದವರಿಗಿಂತ ಬಿಳಿ ಬ್ರೆಡ್ ಎರಡು ತಿಂದು ಜೊತೆಗೆ ಮೊಟ್ಟೆ ತಿಂದವರ ಶುಗರ್ ಕಡಿಮೆ ಇರಬಹುದು.

ವಿಟಿಯು ಬ್ಯಾಕ್‌ಲಾಗ್:
ಇದು ಒಪ್ಪಿದೆ ಮೇಡಂ. ನನ್ನ ಮಾತೂ ಅದೇ ಇತ್ತು, ಹೆಸರಿಗಿಂತ ಅಳತಿ ಮುಖ್ಯ.

ದರ್ಗಾ ಕಮಾನ್:
ನಮ್ಮ ಕಡಿ ಮುಂಜಾನಿ ನಹಾರಿ ಜೊತಿ ಕುಲ್ಚಾ ತಿನ್ನೋರು ಭಾಳ. ಬಂದೇ ನವಾಜ್ ದರ್ಗಾ ಹತ್ರ ಶೀರ್ಮಾಲ್ ಘಮ ಬಂದ್ರ ಯಾರಿಗಿ ತಡೀಲಕ್ಕ ಆಗ್ತದ? ಆದ್ರ ಕುಲ್ಚಾ, ಚಾರ್ ಕೋನಾ ನಾನ್, ಶೀರ್ಮಾಲ್ ಎಲ್ಲಾ ಮೈದಾನೇ. ಶೀರ್ಮಾಲಿಗಿ ಹಾಲು, ಸಕ್ಕರಿ, ತುಪ್ಪ ಬ್ಯಾರೆ. ನಮ್ಮ ಅಮ್ಮೀಗಿ ಶುಗರ್ ಅದ. ರಂಜಾನ್ ದಾಗ ಸಹರಿಗಿ, ಅಂದ್ರ ರೋಜಾದ ಮುಂಚಿನ ನಸುಕಿನ ಊಟಕ್ಕ, ಮೊದಲು ಬ್ರೆಡ್-ಹಾಲು ಕೊಡ್ತಿದ್ವಿ, ಹತ್ತು ಗಂಟೆಕ್ಕೇ ಹಸಿವಿ, ಸುಸ್ತು. ಡಾಕ್ಟರ್ ಹೇಳಿದ ಮ್ಯಾಲ ಸಹರಿಗಿ ಜೋಳದ ರೊಟ್ಟಿ, ದಾಲ್, ಒಂದು ಮೊಟ್ಟಿ, ಮೊಸರು ಮಾಡಿದ್ವಿ, ಗುಳಿಗಿ ವೇಳ್ಯಾನೂ ಅವರೇ ಬದಲಿ ಮಾಡಿ ಕೊಟ್ರು. ಮಧ್ಯಾಹ್ನತನಕ ತ್ರಾಸ ಇಲ್ಲ. ಗ್ಲಿಮೆಪಿರೈಡ್, ಇನ್ಸುಲಿನ್ ಇದ್ದೋರು ರೋಜಾ ಹಿಡಿಯೋ ಮುಂಚೆ ಡಾಕ್ಟರನ್ನ ಕೇಳಲೇಬೇಕು.

ಯಾದಗಿರಿ ಟೇಸನ್:
ಬ್ರೆಡ್ ಬಿಡ್ರಿ, ಟೋಸ್ಟ್ ಕೊಡ್ರಿ. ಒಣಾ ಇರ್ತದ, ಶುಗರ್ ಏರಂಗಿಲ್ಲ. ಚಾದಾಗ ಅದ್ದಿದ್ರ ಮೆತ್ತಗೂ ಆಗ್ತದ.

ಭಟ್ಟಿ ಮುಂದ:
ಬ್ಯಾಡ್ರಿ ಅಣ್ಣ! ಅಂಗಡಿ ಟೋಸ್ಟ್, ರಸ್ಕ್ ಅಂದ್ರ ಸಿಹಿ ಬ್ರೆಡ್ ಮಾಡಿ, ಕೊಯ್ದು, ಮತ್ತ ಭಟ್ಟಿಗಿ ಹಾಕಿ ನೀರು ಆರಿಸಿದ್ದು. ನೀರು ಹೋಯ್ತು, ಮೈದಾ ಸಕ್ಕರಿ ಎಲ್ಲಾ ಒಳಗೇ ಉಳೀತು. ಗ್ರಾಂ ಲೆಕ್ಕಕ್ಕ ನೋಡಿದ್ರ ಬ್ರೆಡ್ಡಿಗಿಂತ ಅದ್ರಾಗ ಹೆಚ್ಚು. ಹಗುರ ಅಂತ ಮಂದಿ ನಾಕು, ಐದು ತಿಂತಾರ. ನಾ ಮಾರೋನೇ ಹೇಳ್ಲತ್ತೀನಿ, ಶುಗರ್ ಇದ್ದೋರಿಗಿ ಟೋಸ್ಟ್ ಚಟ ಬ್ರೆಡ್ಡಿಗಿಂತ ಕೆಟ್ಟದ್ದು. ಖಾರಿನೂ ಹಂಗೇ, ಅದ್ರಾಗ ಡಾಲ್ಡಾನೇ ಅರ್ಧಾ ಸುಖ.

ಭೀಮಾ ದಂಡಿ:
ಖಡಕ್ ರೊಟ್ಟಿಗೂ ಇದೇ ಲೆಕ್ಕ ಬರ್ತದೇನು?

ಪಥ್ಯದ ಅಡಗಿ:
ಬರುತ್ತದೆ. ಒಣಗಿದ ರೊಟ್ಟಿ ತೂಕ ಕಡಿಮೆ, ಹಿಟ್ಟು ಅಷ್ಟೇ. ತೆಳ್ಳಗಿದೆ ಅಂತ ಮೂರು ನಾಲ್ಕು ಮುರಿದುಕೊಂಡು ತಿನ್ನುವವರು ಒಂದು ರೊಟ್ಟಿಗೆ ಎಷ್ಟು ಹಿಟ್ಟು ಹಿಡಿಯುತ್ತದೆ ಅಂತ ಒಮ್ಮೆ ಅಡುಗೆ ತಕ್ಕಡಿಯಲ್ಲಿ ತೂಗಿ ನೋಡಲಿ.

ಸಾದಾ ಬ್ರೆಡ್ಡನ್ನು ಮನೆಯ ಹಂಚಿನ ಮೇಲೆ ಬಿಸಿ ಮಾಡುವುದು ಬೇರೆ ವಿಷಯ, ಅದರಲ್ಲಿ ತಪ್ಪಿಲ್ಲ. ಬ್ರೆಡ್ ಫ್ರೀಜರಿನಲ್ಲಿಟ್ಟು ಆಮೇಲೆ ಟೋಸ್ಟ್ ಮಾಡಿದರೆ ಅದರ ಪಿಷ್ಟದ ಸ್ವಲ್ಪ ಭಾಗ ನಿಧಾನ ಕರಗುವ ರೂಪಕ್ಕೆ ತಿರುಗಿ ಏರಿಕೆ ಸ್ವಲ್ಪ ತಗ್ಗುತ್ತದೆ. ಅದನ್ನೇ ನೆಚ್ಚಿಕೊಂಡು ಒಂದು ಪೀಸು ಹೆಚ್ಚು ತಿನ್ನಬಾರದು.

ಶಹಾಬಾದ್ ರೋಡ್:
ಎಲ್ಲರಿಗೂ ಭಾಳ ಉಪಕಾರ. ಟೋಸ್ಟ್ ನಮ್ಮ ಮನ್ಯಾಗೂ ಅದ, ಚಾ ಮತ್ತ ಸಕ್ಕರಿದೇ ಕೊಡ್ತಿದ್ವಿ. ಸಂಜಿ ಡಾಕ್ಟರ್ ಜೊತಿ ಮಾತಾಡ್ದೆ. ಒಂದು ಗುಳಿಗಿ ಸದ್ಯಕ್ಕ ಅರ್ಧಾ ಮಾಡ್ಯಾರ, ಮೀಟರ್ ದಿನಾ ನೋಡಿ ಬರದಿಡ್ರಿ ಅಂದ್ರು. ಈಗ ಕೇಳೋದು: ಅಗಿಯದೇ ತಿನ್ನುವಂಗ, ಬ್ರೆಡ್ ಬಿಟ್ಟು ಏನು ಮಾಡಬಹುದು? ಅವ್ವಗ ಹೇಳಬೇಕು.

ಕೊಡ್ಲಿ ಕ್ರಾಸ್:
ನಮ್ಮ ಅತ್ತಿಗಿ ಬಾಯಾಗ ಒಂದೂ ಹಲ್ಲಿಲ್ಲ, ಶುಗರೂ ಅದ. ನಾ ಮಾಡೋದು ಹೇಳ್ತೀನಿ ತಮ್ಮ. ಹಿಟ್ಟಿಗಿ ತಣ್ಣೀರು ಹಾಕಬ್ಯಾಡ್ರಿ. ನೀರು ಕೊತಕೊತ ಕುದಿಯೋ ಮುಂದ ಹಿಟ್ಟು ಸುರದು, ಕಟಗಿ ಸೌಟಿಲಿ ತಿರುವಿ, ಮುಚ್ಚಿ ಇಟ್ಟು, ಕೈ ತಡಿಯುವಷ್ಟು ಬಿಸಿ ಇರೋ ಮುಂದ ಚಂದಂಗ ನಾದ್ರಿ. ಬಡಿಯೋ ಮುಂದ ಭಾಳ ದಪ್ಪ ಬ್ಯಾಡ. ಹಂಚಿನ ಮ್ಯಾಲ ಹಾಕಿ, ಒದ್ದಿ ಅರಬಿಲಿ ನೀರು ಸವರಿ, ತಿರುವಿ, ಉಬ್ಬಿದ ಕೂಡ್ಲೇ ತೆಗದು ಅರಬ್ಯಾಗ ಸುತ್ತಿ ಬುಟ್ಟ್ಯಾಗ ಮುಚ್ಚಿಡ್ರಿ. ಹಬಿಗಿ ಅದು ಹೂವಿನಂಗ ಮೆತ್ತಗಾಗ್ತದ. ಅಂಚು ಮುರ್ದು ತೆಗದು, ನಡುವಿಂದು ಬಿಸಿ ತೊಗರಿ ಬ್ಯಾಳ್ಯಾಗ ಚೂರ್ ಮಾಡಿ ಕಲಸಿ ಕೊಡ್ರಿ. ಪುಂಡಿಪಲ್ಯ ಬ್ಯಾಳಿ ಹಾಕಿ ಮಾಡಿದ್ದು ಇದ್ರ ಮತ್ತೂ ಛಲೋ, ಅದಕ್ಕ ಅಗಿಯೋ ಕೆಲಸೇ ಇಲ್ಲ. ಇನ್ನೊಂದು, ಜೋಳದ ನುಚ್ಚು ಕುದಿಸಿ ಮಜ್ಜಿಗಿ, ಹಸಿ ಉಳ್ಳಾಗಡ್ಡಿ ಸಣ್ಣಗ ಹೆಚ್ಚಿ ಹಾಕಿ. ಮುಂಜಾನಿಗಿ ಅಷ್ಟೇ ಸಾಕು.

ಪಥ್ಯದ ಅಡಗಿ:
ಕೊಡ್ಲಿ ಕ್ರಾಸ್ ಅಕ್ಕ ಹೇಳಿದ್ದಕ್ಕೆ ಒಂದೇ ಸೇರ್ಪಡೆ. ಮೆತ್ತಗಾದಷ್ಟೂ, ಗಂಜಿಯಾದಷ್ಟೂ ಬೇಗ ಕರಗುತ್ತದೆ. ನುಚ್ಚನ್ನು ನುಣ್ಣಗೆ ಅಂಬಲಿ ಮಾಡದೆ ಕಾಳು ಕಾಣುವ ಹಾಗೆ ಬೇಯಿಸಿ, ಬಟ್ಟಲು ಸಣ್ಣದಿರಲಿ. ಬೇಳೆ ಗಟ್ಟಿ ಇರಲಿ, ನೀರು ಸಾರು ಬೇಡ. ಮೊದಲು ಎರಡು ತುತ್ತು ಪಲ್ಯ, ಮೊಟ್ಟೆ ಅಥವಾ ಬೇಳೆ ತಿಂದು ಆಮೇಲೆ ರೊಟ್ಟಿಗೋ ಬ್ರೆಡ್ಡಿಗೋ ಕೈ ಹಾಕಿದರೆ ಏರಿಕೆ ತಗ್ಗುತ್ತದೆ.

ಬೀದರ್ ಕೋಟಿ ಹತ್ರ:
ನಮ್ಮ ತಾಯಿಗಿ ಕಿಡ್ನಿ ತ್ರಾಸೂ ಅದ. ಅವರಿಗಿ ಇಡೀ ಧಾನ್ಯ, ಕಾಳು ಹೆಚ್ಚು ಬ್ಯಾಡ, ಫಾಸ್ಫರಸ್, ಪೊಟ್ಯಾಸಿಯಂ ನೋಡಬೇಕು ಅಂತ ಡಾಕ್ಟರ್ ಬ್ಯಾರೆನೇ ಪಟ್ಟಿ ಕೊಟ್ಟಾರ. ಕಿಡ್ನಿ ರಿಪೋರ್ಟ್ ಸರಿ ಇಲ್ಲದೋರು ಇಲ್ಲಿ ಓದಿದ್ದು ಹಂಗೇ ಪಾಲಸಬ್ಯಾಡ್ರಿ.

ನೈಟ್ ಡ್ಯೂಟಿ ಅಕ್ಕ:
ಇದು ಬರೋಬ್ಬರಿ ಮಾತು. ಮತ್ತ ಯಾವ ಬ್ರೆಡ್ ನಿಮ್ಮಪ್ಪಗ ಒಗ್ಗತದ ಅಂತ ಮೀಟರ್ ಹೇಳ್ತದ, ನಾವ್ಯಾರೂ ಅಲ್ಲ. ಒಂದು ದಿನ ಗೋಧಿ ಬ್ರೆಡ್ ಎರಡು ಪೀಸು, ಮೊಟ್ಟಿ, ಸಕ್ಕರಿ ಇಲ್ಲದ ಚಾ. ಇನ್ನೊಂದು ದಿನ ರೊಟ್ಟಿ ಬ್ಯಾಳಿ. ಮೊದಲ ತುತ್ತು ಬಾಯಿಗಿ ಇಟ್ಟ ವೇಳ್ಯಾದಿಂದ ಎರಡು ತಾಸಿಗಿ ನೋಡ್ರಿ. ಸಾಧಾರಣ 180ರ ಒಳಗ ಇರ್ಬೇಕು ಅಂತಾರ, ವಯಸ್ಸಾದವರಿಗಿ ಡಾಕ್ಟರ್ ಸ್ವಲ್ಪ ಸಡಿಲ ಬಿಡಬಹುದು. ಮೀಟರಿನ ಪಟ್ಟಿ (ಸ್ಟ್ರಿಪ್) ತುಟ್ಟಿ ಆಯ್ತಂದ್ರ ಜಿಲ್ಲಾ ಆಸ್ಪತ್ರಿ, ತಾಲೂಕಾ ಆಸ್ಪತ್ರ್ಯಾಗ ಎನ್‌ಸಿಡಿ ಕ್ಲಿನಿಕ್ (ಶುಗರ್, ಬಿಪಿಯಂಥ ರೋಗ ನೋಡೋದು) ಅದಾವ, ಅಲ್ಲಿ ಶುಗರ್ ನೋಡ್ತಾರ. ಹಂಗೇ ವಸಡಿನ ಇಲಾಜು ಅರ್ಧಕ್ಕ ಬಿಡಬ್ಯಾಡ್ರಿ. ವಸಡು ಕೆಟ್ರ ಶುಗರ್ ಏರ್ತದ, ಶುಗರ್ ಏರಿದ್ರ ವಸಡು ಮತ್ತೂ ಕೆಡ್ತದ.

ಗಂಜ್ ಏರಿಯಾ:
ನಾ ಈಗೇ ನಮ್ಮ ಮನಿ ಬ್ರೌನ್ ಬ್ರೆಡ್ ಪುಡಿಕಿ ನೋಡ್ದೆ. ಮೊದಲ ಹೆಸರು ಮೈದಾ, ಕೆಳಗ 150 ನಂಬರ್ ಅದ. ಕಲಬುರಗಿದಾಗ ಖರೇ ಗೋಧಿ ಬ್ರೆಡ್ ಎಲ್ಲಿ ಸಿಗ್ತದ?

ಭಟ್ಟಿ ಮುಂದ:
ಅಂಗಡಿ ಹೆಸರು ಇಲ್ಲಿ ಹೇಳಂಗಿಲ್ಲ, ಜಾಹೀರಾತು ಆಗ್ತದ. ನಿಮ್ಮ ಓಣಿ ಬೇಕರಿಯವರನ್ನ ಕೇಳ್ರಿ. ನಾಕು ಮನಿಯವರು ಕೂಡಿ ಹೇಳಿದ್ರ ವಾರಕ್ಕೊಮ್ಮೆ ಸಕ್ಕರಿ ಕಡಿಮಿ ಹಾಕಿ ಇಡೀ ಗೋಧಿದು ಮಾಡಿ ಕೊಡ್ಲಕ್ಕ ಯಾವ ಭಟ್ಟಿಯವನೂ ಒಲ್ಲೆ ಅನ್ನಂಗಿಲ್ಲ. ಹಿಟ್ಟು ನೀವೇ ಗಿರಣಿದಾಗ ಬೀಸಿಸಿ ತಂದುಕೊಡ್ತೀವಿ ಅಂದ್ರ ಇನ್ನೂ ಛಲೋ. ಅದು ಬೇಗ ಬೂಸರು ಹಿಡೀತದ, ಅವತ್ತಿಗಿ ಬೇಕಾದಷ್ಟು ಇಟ್ಕೊಂಡು ಉಳದದ್ದು ಪೀಸ್ ಮಾಡಿ ಫ್ರೀಜರ್‌ದಾಗ ಹಾಕ್ರಿ.

ಗಂಜ್ ಏರಿಯಾ:
ನಮ್ಮ ಗಲ್ಲಿದಾಗೇ ಶುಗರ್ ಇರೋ ಮನಿ ಭಾಳ ಅದಾವ, ಕೇಳಿ ನೋಡ್ತೀನಿ. ಒಂದು ಸಲಕ್ಕ ಕಮ್ಮಿ ಅಂದ್ರ ಎಷ್ಟು ಕಿಲೋ ಹಿಟ್ಟು ಕೊಡಬೇಕ್ರಿ?

ಭಟ್ಟಿ ಮುಂದ:
ಐದು ಕಿಲೋ ಇದ್ರ ನಮಗ ಕೈ ಹಚ್ಚಲಕ್ಕ ಬರ್ತದ. ಗೋಧಿ ಹಸನ ಮಾಡಿ ತರ್ರಿ, ಹಿಟ್ಟು ಜರಡಿ ಮಾತ್ರ ಹಿಡಿಬ್ಯಾಡ್ರಿ.